ರಬ್ಬರ್ ಹಾಲು ಇಳಿಯುವಷ್ಟು ಹೊತ್ತು

ಕಳೆದ ವಾರ ಬಂಟ್ವಾಳದಲ್ಲಿ ತರಬೇತಿ ಮುಗಿಸಿ ಬೆಳ್ತಂಗಡಿಯ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಂತಾಗ ಪಕ್ಕದಲ್ಲೇ ಒಂದು ಪಿಕಪ್ ಬಂದು ನಿಂತಿತು. ಅದರ ಹಿಂಬದಿಯಲ್ಲಿ ರಬ್ಬರ್ ಶೀಟುಗಳನ್ನು ಹಳೆಯ ಕಂಬಳಿಗಳ ಹಾಗೆ ಮಡಚಿ ಪೇರಿಸಿದ್ದರು. ಹೊಗೆ ಹಿಡಿದ ರಬ್ಬರಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಅಡಿಯಲ್ಲಿ ಮೂಗಿನ ತುದಿಯನ್ನು ಸಣ್ಣಗೆ ಚುಚ್ಚುವ ಹುಳಿಯೂ ಇತ್ತು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜನ್ನು ಇನ್ನೂ ಸರಿಸಿ ಕುಳಿತೆ. ಬಸ್ಸು ಹೊರಟು ಆ ವಾಸನೆ ಹಿಂದೆ ಉಳಿದರೂ ಕಕ್ಕಿಂಜೆಯಲ್ಲಿ ಕಳೆದ ಆ ಒಂದು ವರ್ಷ ಬೆಳ್ತಂಗಡಿಯವರೆಗೂ ನನ್ನ ಜೊತೆಗೇ ಬಂತು.

ಆಗ ನನಗೆ ಇಪ್ಪತ್ತೊಂಬತ್ತು. ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಮೊದಲ ಕೆಲಸ ಸಿಕ್ಕಿದ್ದು ಚಾರ್ಮಾಡಿ ರಸ್ತೆಯ ಒಂದು ಸರಕಾರಿ ಪಿಯು ಕಾಲೇಜಿನಲ್ಲಿ. ನನ್ನ ಮನೆ ಮೂಡುಬಿದಿರೆ ಹತ್ತಿರದ ಬೆಳುವಾಯಿ. ದಿನಾ ಹೋಗಿ ಬರುವ ದೂರವಲ್ಲ. ಕಕ್ಕಿಂಜೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಗದ್ದೆಯ ಬದಿಯಲ್ಲಿ ಬೆಳೆದ ನನಗೆ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಘಟ್ಟ ಎದುರಿಗೇ ನಿಂತಿರುವುದು ಮೊದಮೊದಲು ಸ್ವಲ್ಪ ಹೆದರಿಕೆಯನ್ನೇ ತರುತ್ತಿತ್ತು.

ದ್ವಿತೀಯ ಪಿಯು ವಿಜ್ಞಾನದಲ್ಲಿ ಹತ್ತೊಂಬತ್ತು ಮಂದಿ ಇದ್ದರು. ಮನೆಯಲ್ಲಿ ತುಳು, ಹತ್ತನೆಯವರೆಗೆ ಕನ್ನಡ, ಈಗ ಕೈಯಲ್ಲಿ ಇಂಗ್ಲಿಷ್ ಪುಸ್ತಕ. ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂದರೆ ಅವರಿಗೆ ಬಾಯಿಗೆ ಹತ್ತದ ಹೆಸರುಗಳ ರಾಶಿ. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಕಾರ್ಬನ್ನಿಗೆ ನಾಲ್ಕು ಕೈ, ಹೈಡ್ರೋಜನ್ನಿಗೆ ಒಂದೇ ಕೈ. ಒಂದು ಕಾರ್ಬನ್ ಇದ್ದರೆ ಮೀಥೇನ್, ಎರಡು ಕಾರ್ಬನ್ ಕೈ ಹಿಡಿದು ನಿಂತರೆ ಈಥೇನ್, ಮೂರಾದರೆ ಪ್ರೊಪೇನ್, ನಾಲ್ಕಾದರೆ ನಿಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವ ಬ್ಯುಟೇನ್. ಒಂದು ಹೈಡ್ರೋಜನ್ನನ್ನು ತೆಗೆದು ಅಲ್ಲಿ ಬೇರೆ ಪರಮಾಣುಗಳ ಗುಂಪನ್ನು ಕೂರಿಸಿದರೆ ಇಡೀ ವಸ್ತುವಿನ ಗುಣವೇ ಬದಲಾಗುತ್ತದೆ.

"ಹೆಸರು ಎಷ್ಟು ಉದ್ದ ಬೇಕಾದ್ರೂ ಇರ್ಲಿ, ಹೆದರ್ಬೇಡಿ. ಅದರಲ್ಲಿ ಯಾವ ಗುಂಪು ಉಂಟು ನೋಡಿ. ಅದು ಎಂತ ಮಾಡ್ತದೆ ಅಂತ ಆ ಗುಂಪೇ ಹೇಳ್ತದೆ" ಎನ್ನುತ್ತಿದ್ದೆ.

ಮೂರನೇ ಬೆಂಚಿನ ತುದಿಯಲ್ಲಿ ನಿಶ್ಮಿತಾ ಎಂಬ ಹುಡುಗಿ ಕೂರುತ್ತಿದ್ದಳು. ಬೋರ್ಡಿನಲ್ಲಿದ್ದದ್ದನ್ನೆಲ್ಲ ಅಂದವಾಗಿ ಬರೆದುಕೊಳ್ಳುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಒಂಬತ್ತು ಬಂತು. ಪೇಪರು ಕೊಟ್ಟ ದಿನ ಎಲ್ಲರೂ ಹೋದ ಮೇಲೆ ಉಳಿದು, "ಮೇಡಂ, ನನ್ನಿಂದ ಇದು ಆಗುದಿಲ್ಲ" ಎಂದಳು. ಅಳಲಿಲ್ಲ. ನಾನು ಸಮಾಧಾನಕ್ಕೆ ಏನೋ ಹೇಳಿದೆ. ಅದು ಅವಳಿಗೆ ತಾಗಲಿಲ್ಲ.

ಅವಳು ತಾನಾಗಿ ಕೈ ಎತ್ತಿದ್ದು ಕಾರ್ಬಾಕ್ಸಿಲಿಕ್ ಆಸಿಡ್ ಪಾಠದ ದಿನ. ಆ ಗುಂಪಿನಲ್ಲಿ ಅತಿ ಚಿಕ್ಕದು ಫಾರ್ಮಿಕ್ ಆಸಿಡ್, ಕೆಂಪು ಇರುವೆ ಕಚ್ಚಿದಾಗ ಉರಿಯುವುದು ಅದರಿಂದಲೇ, ಅದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದೆ.

"ನಮ್ಮಲ್ಲಿ ಉಂಟು ಮೇಡಂ. ರಬ್ಬರ್ ಹಾಲಿಗೆ ಹಾಕ್ಲಿಕ್ಕೆ, ಅದು ಗಟ್ಟಿ ಆಗ್ಲಿಕ್ಕೆ. ಅಮ್ಮ ದಿನ ಬಿಟ್ಟು ದಿನ ಶೀಟ್ ಮಾಡ್ತಾರೆ."

ನಮ್ಮ ಲ್ಯಾಬಿನ ಬಾಟಲಿ ಖಾಲಿಯಾಗಿತ್ತು. ಸ್ವಲ್ಪ ತರುತ್ತೀಯಾ ಎಂದೆ. ಈಗ ಯೋಚಿಸಿದರೆ ಅಲ್ಲಿಯೇ ನಾನು ತಪ್ಪಿದ್ದೆ. ಹದಿನೇಳರ ಹುಡುಗಿ ನೀರು ಬೆರೆಸದ ಗಟ್ಟಿ ಆಸಿಡನ್ನು ಸಣ್ಣ ಬಾಟಲಿಗೆ ಹಾಕಿ, ಪೇಪರು ಸುತ್ತಿ, ಬುತ್ತಿಯ ಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದಳು. ನಾನು ಅದನ್ನು ಸಂಭ್ರಮದಿಂದಲೇ ತೆಗೆದುಕೊಂಡೆ. ಒಂದು ಟೆಸ್ಟ್‌ಟ್ಯೂಬಿನಲ್ಲಿ ಅದರ ನಾಲ್ಕು ಹನಿಯನ್ನು ನೀರಿಗೆ ಬೆರೆಸಿ, ಮೇಲಿಂದ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದೆ. ಬುಸ್ಸೆಂದು ನೊರೆ ಉಕ್ಕಿತು. ಹಿಂದಿನ ಬೆಂಚಿನವರು ಎದ್ದು ನಿಂತರು.

"ಆಸಿಡ್ ಎಲ್ಲಿ ಹೋಯ್ತು ಮೇಡಂ?" ಹಿಂದಿನಿಂದ ಯಾರೋ ಕೇಳಿದರು.

"ಸೋಡಾ ಅದನ್ನು ಮುಗಿಸಿತು. ಆಸಿಡಿಗೆ ಅದರ ವಿರುದ್ಧದ್ದು ಸೇರಿದ್ರೆ ಕೊನೆಗೆ ಉಳಿಯುದು ಉಪ್ಪು ಮತ್ತು ನೀರು. ಮನೆಯಲ್ಲಿ ಆಸಿಡಿಗೆ ವಿರುದ್ಧದ್ದು ಬೇರೆ ಎಂತ ಉಂಟು, ಹೇಳಿ ನೋಡುವ?"

"ಸುಣ್ಣ ಮೇಡಂ!" ನಿಶ್ಮಿತಾಳ ಧ್ವನಿ ಎಲ್ಲರಿಗಿಂತ ಮೊದಲು ಬಂತು. "ಅಜ್ಜಿಯ ಎಲೆ ಅಡಿಕೆಯ ಸುಣ್ಣ!"

"ಶಾಬಾಸ್" ಎಂದೆ. ಆ ದಿನ ಅವಳ ಮುಖ ಅರಳಿದ್ದನ್ನು ನೋಡಿ ಒಬ್ಬಳನ್ನು ದಡ ಸೇರಿಸಿದೆ ಅಂದುಕೊಂಡೆ. ಸಂಜೆ ಕೋಣೆಗೆ ನಡೆದು ಹೋಗುವಾಗ ನನ್ನಷ್ಟಕ್ಕೇ ನಗುತ್ತಿದ್ದೆ.

ಮಳೆ ಬಿಟ್ಟು ಬೆಳಗಿನ ಹೊತ್ತು ತಣ್ಣಗಾಗುವ ಕಾಲ ಬಂತು. ಆ ಕಡೆ ರಬ್ಬರ್ ಮರ ಚೆನ್ನಾಗಿ ಹಾಲು ಕೊಡುವುದು ಆಗಲೇ. ಒಂದು ಸೋಮವಾರ ನಿಶ್ಮಿತಾ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಬುಧವಾರ ನಮ್ಮ ಅಟೆಂಡರ್ ಶೀನಪ್ಪಣ್ಣ ಲ್ಯಾಬಿನ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂಬ ಹಾಗೆ ನೋಡಿದರು. ಅವರ ಮನೆ ನಿಶ್ಮಿತಾಳ ಮನೆಯ ಮೇಲಿನ ಗುಡ್ಡದಲ್ಲಿ.

"ಮೇಡಂ, ನಿಮಗೆ ಹೇಳದೆ ಇರುದು ಸರಿಯಲ್ಲ ಅಂತ ಕಾಣ್ತದೆ. ಆ ಹುಡುಗಿಯ ಅಮ್ಮ ಹರಿಣಾಕ್ಷಿ ಉಂಟಲ್ಲ, ಆದಿತ್ಯವಾರ ಆಸಿಡ್ ಬಾಟ್ಲಿ ಕೈ ಜಾರಿ ಮೊಣಕೈಯಿಂದ ಕೆಳಗೆ ಚೆಲ್ಲಿಕೊಂಡರು."

"ಅಯ್ಯೋ. ಈಗ ಹೇಗಿದ್ದಾರೆ?"

"ಆಸ್ಪತ್ರೆಯಿಂದ ಬಂದಿದ್ದಾರೆ. ಆದ್ರೆ ಗಾಯ ಆಳ ಉಂಟು." ಅವರು ನೆಲ ನೋಡಿದರು. "ನೀರು ಹೊಯ್ದಿದ್ರೆ ಇಷ್ಟು ಆಗ್ತಿರ್ಲಿಲ್ಲವಂತೆ. ಮಗಳು ಓಡಿ ಹೋಗಿ ಅಜ್ಜಿಯ ಡಬ್ಬಿಯ ಸುಣ್ಣ ತಂದು ಗಾಯದ ಮೇಲೆ ಉಜ್ಜಿದ್ದಾಳೆ. ಸುಣ್ಣವೂ ಸುಟ್ಟಿತು. ಯಾರು ಹೀಗೆ ಮಾಡಿದ್ದು ಅಂತ ಡಾಕ್ಟ್ರು ಕೇಳಿದ್ರಂತೆ. ನಾನೇ, ಕಾಲೇಜಲ್ಲಿ ಕಲಿತದ್ದು ಅಂತ ಹೇಳಿದಳಂತೆ."

ನನ್ನ ಕೈಯಲ್ಲಿದ್ದ ಬೀಕರನ್ನು ಮೇಜಿನ ಮೇಲೆ ಇಟ್ಟೆ. ಆಸಿಡಿಗೆ ವಿರುದ್ಧದ್ದು ಸುಣ್ಣ ಎಂದು ಹೇಳಿಸಿದ್ದು ನಾನು. ಶಾಬಾಸ್ ಎಂದದ್ದೂ ನಾನು. ಟೆಸ್ಟ್‌ಟ್ಯೂಬಿನೊಳಗೆ ಸರಿಯಾದದ್ದು ಚರ್ಮದ ಮೇಲೆ ಸರಿಯಲ್ಲ, ಆ ಎರಡು ಸೇರುವಾಗ ಬಿಸಿ ಹುಟ್ಟುತ್ತದೆ, ಮೈಮೇಲೆ ಬಿದ್ದರೆ ಮೊದಲು ನೀರು, ಧಾರಾಳವಾಗಿ, ಇಪ್ಪತ್ತು ನಿಮಿಷ ನೀರು. ಇದನ್ನು ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಹೇಳಿರಲಿಲ್ಲ.

ಮುಂದಿನ ಪೀರಿಯಡ್ ಅದೇ ತರಗತಿಗಿತ್ತು. ಬೋರ್ಡಿನ ಮೇಲೆ 'ನೀರು' ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆದೆ. ಹದಿನೆಂಟು ಮಂದಿ ನೋಡುತ್ತ ಕುಳಿತಿದ್ದರು. "ನಾನು ನಿಮಗೆ ಪಾಠ ಅರ್ಧ ಮಾಡಿದ್ದೆ. ಆ ಅರ್ಧದಿಂದ ಒಬ್ಬರ ಕೈ ಸುಟ್ಟಿದೆ. ಉಳಿದ ಅರ್ಧ ಈಗ ಹೇಳ್ತೇನೆ" ಎಂದೆ.

ಆ ಸಂಜೆ ಶೀನಪ್ಪಣ್ಣನ ಜೊತೆ ನಿಶ್ಮಿತಾಳ ಮನೆಗೆ ಹೋದೆ. ಸಾಲು ಮರಗಳ ನಡುವೆ ಹಂಚಿನ ಸಣ್ಣ ಮನೆ, ಬದಿಯಲ್ಲಿ ಶೀಟ್ ಒಣಗಿಸುವ ಹೊಗೆಕೋಣೆ. ಹರಿಣಾಕ್ಷಿಯಕ್ಕನಿಗೆ ನಲವತ್ತರ ಆಸುಪಾಸು. ಬಲಗೈಗೆ ಬ್ಯಾಂಡೇಜು ಸುತ್ತಿ, ಅದನ್ನು ತಲೆದಿಂಬಿನ ಮೇಲಿಟ್ಟು ಜಗಲಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಏಳಲು ಹೋದರು. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯಿತು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಏಳ್ಬೇಡಿ ಅಕ್ಕ. ನಾನು ನಿಮ್ಮ ಹತ್ತಿರ ತಪ್ಪಾಯ್ತು ಅಂತ ಹೇಳ್ಲಿಕ್ಕೆ ಬಂದದ್ದು."

"ಎಂತ ತಪ್ಪು ಟೀಚರೆ? ಬಾಟ್ಲಿ ಜಾರಿದ್ದು ನನ್ನ ಕೈಯಿಂದ. ಹುಡುಗಿ ಕೇಳಿದ್ದು ಅರ್ಧ. ನೀವು ಎಂತ ಮಾಡುದು?"

"ಅಲ್ಲ ಅಕ್ಕ. ಅವಳು ಪೂರ್ತಿ ಕೇಳಿದ್ದಾಳೆ. ನಾನು ಹೇಳಿದ್ದೇ ಅರ್ಧ."

ಒಳಬಾಗಿಲ ಹಿಂದೆ ಯಾರೋ ನಿಂತಿರುವುದು ನನಗೆ ಗೊತ್ತಾಗುತ್ತಿತ್ತು. ಹರಿಣಾಕ್ಷಿಯಕ್ಕ ಸ್ವರ ತಗ್ಗಿಸಿ ಅಂದರು: "ಮೂರು ದಿನದಿಂದ ಅವಳು ನನ್ನ ಮುಖ ನೋಡುದಿಲ್ಲ ಟೀಚರೆ. ಬೆಳಗ್ಗೆ ಎದ್ದು ನನ್ನ ಕೆಲಸ ಪೂರ್ತಿ ಮಾಡ್ತಾಳೆ, ಆದ್ರೆ ಮಾತಿಲ್ಲ. ಇನ್ನು ಕಾಲೇಜಿಗೆ ಹೋಗುದಿಲ್ಲ ಅಂತ ಅವಳ ಅಪ್ಪನ ಹತ್ರ ಹೇಳಿದ್ದಾಳೆ. ಗಾಯ ಗುಣ ಆದೀತು. ಇದಕ್ಕೆ ಎಂತ ಮಾಡುದು?"

ಕೇಳುತ್ತ ಹೋದಾಗ ಅವರ ಬೆಳಗಿನ ಕ್ರಮ ತಿಳಿಯಿತು. ಅಪ್ಪ ಕೇಶವಣ್ಣ ಬಾಡಿಗೆ ಪಿಕಪ್ ಓಡಿಸುವವರು, ಬೆಳಿಗ್ಗೆಯೇ ಹೊರಡುತ್ತಾರೆ. ದಿನ ಬಿಟ್ಟು ದಿನ ಬೆಳಕು ಹರಿಯುವ ಹೊತ್ತಿಗೆ ಮರಗಳ ತೊಗಟೆ ಕೆತ್ತಿ ಕರಟ ಇಟ್ಟು ಬರಬೇಕು. ಹಾಲು ಹನಿಹನಿಯಾಗಿ ಇಳಿಯಲು ಎರಡು ಗಂಟೆ ಬೇಕು. ಆಮೇಲೆ ಅದನ್ನು ಬಕೆಟಿಗೆ ಎತ್ತಿ ತಂದು ಶೋಧಿಸಿ, ಆಸಿಡ್ ಬೆರೆಸಿ ಪಾತ್ರೆಗಳಲ್ಲಿ ಗಟ್ಟಿಯಾಗಲು ಬಿಡುವುದು.

"ಆ ಎರಡು ಗಂಟೆ ಎಂತ ಮಾಡ್ತೀರಿ?"

"ಎಂತ ಮಾಡುದು? ಕಾಯುದು."

ಮರುದಿನ ಬೆಳಿಗ್ಗೆ ಏಳೂವರೆಗೆ ನನ್ನ ಸ್ಕೂಟರನ್ನು ಅವರ ಅಂಗಳದಲ್ಲಿ ನಿಲ್ಲಿಸಿದೆ. ನಿಶ್ಮಿತಾ ಕತ್ತಿ ಹಿಡಿದು ಸಾಲಿನಿಂದ ಇಳಿದು ಬರುತ್ತಿದ್ದಳು. ಅಮ್ಮನ ಉದ್ದ ತೋಳಿನ ಅಂಗಿ, ತಲೆಗೆ ಸುತ್ತಿದ ಬೈರಾಸು. ನನ್ನನ್ನು ನೋಡಿ ಅಲ್ಲೇ ನಿಂತಳು.

"ಹಾಲು ಇಳಿಯುವವರೆಗೆ ಕೂತ್ಕೊಳ್ಳುವ. ಓದುದು ಬೇಡ. ನೀನು ಹೇಗೆ ಕೆತ್ತುದು ಅಂತ ನನಗೆ ತೋರಿಸು" ಎಂದೆ.

ಮೊದಲ ದಿನ ಅವಳು ಆಡಿದ್ದು ಹತ್ತು ಮಾತಿರಬಹುದು. ತೊಗಟೆಯನ್ನು ಎಷ್ಟು ಆಳ ಕೆತ್ತಬೇಕು, ಹೆಚ್ಚಾದರೆ ಮರಕ್ಕೆ ಗಾಯವಾಗುತ್ತದೆ ಎಂದು ತೋರಿಸಿದಳು. ಗಾಯ ಎಂಬ ಮಾತು ಬಾಯಿಗೆ ಬಂದದ್ದೇ ಸುಮ್ಮನಾದಳು. ಕರಟದೊಳಗೆ ಹಾಲು ಬೀಳುತ್ತಿತ್ತು.

ಹೀಗೆ ತೊಗಟೆ ಕೆತ್ತುವ ಟ್ಯಾಪಿಂಗ್ ಇದ್ದ ದಿನಗಳಲ್ಲೆಲ್ಲ ಹೋದೆ. ಮೂರನೇ ಸಲ ಹೋದಾಗ ಅವಳೇ ಪುಸ್ತಕ ತಂದು ಜಗಲಿಯಲ್ಲಿಟ್ಟಿದ್ದಳು. ಹೈಡ್ರೋಕಾರ್ಬನ್ನಿನಿಂದ ಮತ್ತೆ ಶುರು ಮಾಡಿದೆವು. ಹೆಸರು ಓದಿ ರಚನೆ ಬರೆಯುವುದು, ರಚನೆ ನೋಡಿ ಹೆಸರು ಹೇಳುವುದು. ಎರಡು ಕಾರ್ಬನ್‌ಗಳ ನಡುವೆ ಜೋಡಿ ಬಂಧ ಇದ್ದಲ್ಲಿ ಬೇರೆಯವರು ಬಂದು ಸೇರಲು ಜಾಗ ಇರುತ್ತದೆ ಎಂಬುದು ಒಮ್ಮೆ ತಲೆಗೆ ಹೋದ ಮೇಲೆ ಅವಳು ಅರ್ಧ ಅಧ್ಯಾಯವನ್ನು ತಾನೇ ಊಹಿಸತೊಡಗಿದಳು. ಒಂಬತ್ತಕ್ಕೆ ನಾನು ಹೊರಡುತ್ತಿದ್ದೆ. ಅವಳು ಹಾಲಿನ ಕೆಲಸ ಮುಗಿಸಿ ಹನ್ನೊಂದೂವರೆಯ ಬಸ್ಸಿಗೆ ಕಾಲೇಜಿಗೆ ಬರತೊಡಗಿದಳು. ಆದರೆ ಲ್ಯಾಬಿನಲ್ಲಿ ಆಸಿಡ್ ಬಾಟಲಿ ಮುಟ್ಟುವ ಮೊದಲು ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದಳು. ಮನೆಯಲ್ಲಿ ಅಮ್ಮನಿಗೆ ಆ ಬಾಟಲಿ ಕಣ್ಣಿಗೂ ಬೀಳದ ಹಾಗೆ ಅಡಗಿಸಿಡುತ್ತಿದ್ದಳು.

ಹರಿಣಾಕ್ಷಿಯಕ್ಕ ಜಗಲಿಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳುತ್ತಿದ್ದರು. ಪಾಲಿಮರ್ ಪಾಠದ ದಿನ ನಾನು, ಐಸೊಪ್ರೀನ್ ಎಂಬ ಸಣ್ಣ ಅಣು ಸಾವಿರಗಟ್ಟಲೆ ಒಂದಕ್ಕೊಂದು ಕೈ ಹಿಡಿದು ಉದ್ದಕ್ಕೆ ನಿಂತರೆ ರಬ್ಬರ್ ಎಂದು ಹೇಳುತ್ತಿದ್ದೆ.

"ಟೀಚರೆ, ಒಂದು ಕೇಳ್ಲಾ? ಆಸಿಡ್ ಹಾಕಿದ ಕೂಡ್ಲೆ ಹಾಲು ಗಟ್ಟಿ ಆಗ್ತದಲ್ಲ, ಅವು ಕೈ ಹಿಡಿಯುದು ಆಗಲಾ?"

ಹೌದು ಎನ್ನಲು ಬಾಯಿ ತೆರೆದೆ. ಕೇಳಲು ಎಷ್ಟು ಚೆಂದದ ಉತ್ತರ ಅದು. ಆದರೆ ನನಗೆ ಖಚಿತವಿರಲಿಲ್ಲ. ಇಷ್ಟು ವರ್ಷ ರಸಾಯನಶಾಸ್ತ್ರ ಓದಿದ ನಾನು ಯಾವತ್ತೂ ರಬ್ಬರ್ ಹಾಲಿನ ಬಕೆಟಿನ ಎದುರು ನಿಂತು ಯೋಚಿಸಿದವಳಲ್ಲ.

"ಗೊತ್ತಿಲ್ಲ ಅಕ್ಕ. ನೋಡಿ ಹೇಳ್ತೇನೆ."

ನಿಶ್ಮಿತಾ ತಲೆ ಎತ್ತಿದಳು. "ನಿಮಗೂ ಗೊತ್ತಿಲ್ವಾ ಮೇಡಂ?"

"ಇಲ್ಲ ಮಾರಾಯ್ತಿ."

ಅವಳು ನಕ್ಕಳು. ಅಪಘಾತದ ನಂತರ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು ಎಂದು ಅಮ್ಮನ ಮುಖ ನೋಡಿ ತಿಳಿದೆ.

ಓದಿ ನೋಡಿದೆ, ನನಗೆ ಕಲಿಸಿದವರಿಗೆ ಫೋನ್ ಮಾಡಿ ಕೇಳಿದೆ. ಮುಂದಿನ ಸಲ ಹೋದಾಗ ಹೇಳಿದೆ: "ಅಲ್ಲ ಅಕ್ಕ. ಕೈ ಹಿಡಿಯುವ ಕೆಲಸ ಮರದ ಒಳಗೇ ಮುಗಿದಿರ್ತದೆ. ಹಾಲಿನಲ್ಲಿ ರಬ್ಬರ್ ಸಣ್ಣ ಸಣ್ಣ ಗುಳ್ಳೆಗಳಾಗಿ ತೇಲ್ತಾ ಇರ್ತದೆ. ಎಲ್ಲದರ ಮೇಲೂ ಒಂದೇ ಜಾತಿಯ ವಿದ್ಯುತ್ತು, ಹಾಗಾಗಿ ಒಂದನ್ನೊಂದು ದೂರ ತಳ್ತವೆ. ಆಸಿಡ್ ಆ ತಳ್ಳುವುದನ್ನು ತೆಗೀತದೆ. ಆಗ ಹತ್ತಿರ ಬಂದು ಒಟ್ಟಾಗ್ತವೆ, ಅಷ್ಟೇ."

"ಹಾಗಾದ್ರೆ ದೊಡ್ಡ ಕೆಲಸ ಮರವೇ ಮಾಡಿ ಇಟ್ಟಿರ್ತದೆ" ಎಂದರು ಹರಿಣಾಕ್ಷಿಯಕ್ಕ, ತಮ್ಮ ಅಂಗಳದ ಮರಗಳನ್ನು ಹೊಸತಾಗಿ ನೋಡುವವರ ಹಾಗೆ. "ಇಷ್ಟು ವರ್ಷ ನಾನೇ ಮಾಡುದು ಅಂದುಕೊಂಡಿದ್ದೆ ಮಾರ್ರೆ!"

ಗೊತ್ತಿಲ್ಲ ಎಂದು ನಾನು ಒಪ್ಪಿಕೊಂಡ ಆ ದಿನದಿಂದ ನಿಶ್ಮಿತಾ ಪ್ರಶ್ನೆ ಕೇಳಲು ಕಲಿತಳು. ತರಗತಿಯಲ್ಲೂ ಕೇಳಿದಳು. ಕೆಲವಕ್ಕೆ ನನ್ನಲ್ಲಿ ಉತ್ತರವಿತ್ತು, ಕೆಲವಕ್ಕೆ ಹುಡುಕಿ ತಂದೆ.

ಬಿಸಿಲು ಏರಿ ಮರಗಳು ಎಲೆ ಉದುರಿಸಿದವು, ಟ್ಯಾಪಿಂಗ್ ನಿಂತಿತು. ಆಗ ನನಗೆ ಆ ಊರಿನ ಬೇರೆ ಹೆಂಗಸರ ಯೋಚನೆ ಬಂತು. ಪ್ರತಿ ಮನೆಯಲ್ಲೂ ಅದೇ ಬಾಟಲಿ, ಪ್ರತಿ ಮನೆಯಲ್ಲೂ ಸುಣ್ಣದ ಡಬ್ಬಿ. ಶೀನಪ್ಪಣ್ಣ ಓಡಾಡಿ ದನದ ಹಾಲಿನ ಸೊಸೈಟಿಯ ಕಟ್ಟಡದಲ್ಲಿ ಒಂದು ಮಧ್ಯಾಹ್ನ ಎಲ್ಲರನ್ನೂ ಸೇರಿಸಿದರು. ಮೂವತ್ತು ಮಂದಿ ಬಂದಿರಬಹುದು. ನಾನು ಮಾತಾಡುವುದೆಂದು ತೀರ್ಮಾನವಾಗಿತ್ತು. ಹರಿಣಾಕ್ಷಿಯಕ್ಕ ಮುಂದಿನ ಸಾಲಿನಲ್ಲಿ, ಉದ್ದ ತೋಳಿನ ರವಿಕೆ ಹಾಕಿ ಕುಳಿತಿದ್ದರು. ಬ್ಯಾಂಡೇಜು ಬಿಚ್ಚಿ ಆಗಿತ್ತು, ಆದರೆ ಆ ಕೈಯನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ.

ನಾನು ಏಳುವ ಮೊದಲೇ ನಿಶ್ಮಿತಾ ನನ್ನ ಕೈ ಮುಟ್ಟಿ, "ಮೇಡಂ, ನಾನು ಹೇಳ್ಲಾ?" ಎಂದಳು.

ಎದುರು ಹೋಗಿ ನಿಂತಳು. ತುಳುವಿನಲ್ಲಿ, ಒಂದೊಂದೇ ಮಾತಾಗಿ ಹೇಳಿದಳು: "ನನ್ನ ಅಮ್ಮನ ಕೈಗೆ ಸುಣ್ಣ ಹಚ್ಚಿದ್ದು ನಾನು. ಎಲ್ಲರಿಗೂ ಗೊತ್ತುಂಟು, ಯಾರೂ ನನ್ನ ಎದುರು ಹೇಳುದಿಲ್ಲ. ನಾನೇ ಹೇಳ್ತೇನೆ. ನಿಮ್ಮಲ್ಲಿ ಯಾರ ಕೈಗೆ ಬಿದ್ರೂ ಸುಣ್ಣ ಬೇಡ, ಸೋಡಾ ಬೇಡ, ಎಣ್ಣೆ ಬೇಡ. ನೀರು ಹೊಯ್ಯಿರಿ. ಹೊಯ್ಯುತ್ತಾ ಇರಿ."

ಯಾವಾಗಲೂ ಆಸಿಡನ್ನು ನೀರಿಗೆ ಹಾಕಬೇಕು, ಆಸಿಡಿಗೆ ನೀರು ಹಾಕಬಾರದು, ಕೈಗವಸು ಹಾಕಿಕೊಳ್ಳಬೇಕು, ಪಕ್ಕದಲ್ಲಿ ತುಂಬಿದ ಬಕೆಟ್ ಇಟ್ಟೇ ಬಾಟಲಿ ತೆರೆಯಬೇಕು. ಎಲ್ಲವನ್ನೂ ಹೇಳಿದಳು. ಏನೂ ಬಿಡಲಿಲ್ಲ. ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು, "ಸುಣ್ಣ ಹಚ್ಚಿದ್ರೆ ಅಷ್ಟು ಎಂತ ಆಗ್ತದೆ? ನಾವೆಲ್ಲ ಹಚ್ಚಿದವರೇ" ಎಂದರು.

ನಿಶ್ಮಿತಾ ಉತ್ತರಿಸಲು ತಡವರಿಸಿದಳು. ಹರಿಣಾಕ್ಷಿಯಕ್ಕ ಎದ್ದರು. ಹಿಂದಕ್ಕೆ ತಿರುಗಿ, ರವಿಕೆಯ ತೋಳನ್ನು ಮೊಣಕೈಯವರೆಗೆ ಮೇಲೆ ಸರಿಸಿ, ಕೊನೆಯ ಸಾಲಿಗೂ ಕಾಣುವ ಹಾಗೆ ಕೈ ಎತ್ತಿ ಹಿಡಿದರು. ಚರ್ಮ ಸುಕ್ಕುಗಟ್ಟಿ, ಬಣ್ಣ ಕಳೆದುಕೊಂಡು, ಅಲ್ಲಲ್ಲಿ ಗಂಟಾಗಿತ್ತು.

"ಇಷ್ಟು ಆಗ್ತದೆ" ಎಂದರು. ಆಮೇಲೆ ಮಗಳ ಕಡೆಗೆ ನೋಡಿದರು. "ಆದ್ರೆ ನಾನು ಕೂಗಿದಾಗ ಓಡಿ ಬಂದದ್ದು ಇವಳು. ಗೊತ್ತಿದ್ದದ್ದನ್ನು ಮಾಡಿದಳು. ಅದನ್ನು ತಪ್ಪು ಅಂತ ನಾನು ಹೇಳುದಿಲ್ಲ, ಯಾರೂ ಹೇಳುದು ಬೇಡ."

ನಿಶ್ಮಿತಾ ಅಲ್ಲೇ, ಅಷ್ಟು ಜನರ ಎದುರು, ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು. ನಾನು ಕಿಟಕಿಯ ಹೊರಗೆ ನೋಡಿದೆ.

ಮಾರ್ಚಿನಲ್ಲಿ ಪರೀಕ್ಷೆ ಬರೆದಳು. ಕೆಮಿಸ್ಟ್ರಿಯಲ್ಲಿ ಅರವತ್ತೆಂಟು ಬಂತು. ರ‍್ಯಾಂಕಲ್ಲ, ಡಿಸ್ಟಿಂಕ್ಷನ್ ಅಲ್ಲ. ಆದರೆ ಆರ್ಗ್ಯಾನಿಕ್ ಭಾಗದಲ್ಲಿ ಒಂದು ಪ್ರಶ್ನೆಯನ್ನೂ ಬಿಡದೆ ಬರೆದೆ ಎಂದು ಫೋನಿನಲ್ಲಿ ಹೇಳಿದಳು. ಬಿಎಸ್ಸಿಗೆ ಸೇರುತ್ತೇನೆ ಎಂದಳು, ಸೇರಿದಳು. ಈಗ ಸುರತ್ಕಲ್ ಕಡೆ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ.

ಅದೇ ಬೇಸಗೆಯ ಕೊನೆಗೆ ನನಗೆ ಮೂಡುಬಿದಿರೆ ಕಡೆಗೆ ವರ್ಗವಾಯಿತು. ಹೇಳಿ ಬರಲು ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಮರಗಳು ಹೊಸ ಎಲೆ ಬಿಟ್ಟು, ಟ್ಯಾಪಿಂಗ್ ಮತ್ತೆ ಶುರುವಾಗಿತ್ತು. ಅಮ್ಮ ಮಗಳು ಇಬ್ಬರೂ ಹೊಗೆಕೋಣೆಯ ಪಕ್ಕದ ಶೆಡ್ಡಿನಲ್ಲಿದ್ದರು. ಶೋಧಿಸಿದ ಹಾಲು ಪಾತ್ರೆಗಳಲ್ಲಿ ತುಂಬಿತ್ತು. ನಿಶ್ಮಿತಾ ಕೈಗವಸು ಹಾಕಿ, ಬಾಟಲಿ ಹಿಡಿದು ನಿಂತಿದ್ದಳು. ಹರಿಣಾಕ್ಷಿಯಕ್ಕ ಎದುರಿಗೆ ಕೈ ಚಾಚಿದ್ದರು.

"ಕೊಡು. ಇನ್ನು ನಾನೇ ಹಾಕ್ತೇನೆ."

"ಬೇಡಮ್ಮಾ. ನಾನಿದ್ದೇನಲ್ಲ."

"ನೀನು ಜೂನಿನಲ್ಲಿ ಕಾಲೇಜಿಗೆ ಹೋಗುವವಳು. ಆಮೇಲೆ ಯಾರು ಹಾಕುದು? ನನಗೆ ಹೆದರಿಕೆ ಇಲ್ಲ ಮಗಾ. ನೀನೇ ಕಲಿಸಿದ್ದಿ ಅಲ್ವಾ?"

ನಿಶ್ಮಿತಾ ನನ್ನ ಕಡೆ ನೋಡಿದಳು. ಅದು ನಾನು ಹೇಳುವ ವಿಷಯವಾಗಿರಲಿಲ್ಲ. ಕೊನೆಗೆ ಅವಳು ಒಂದೊಂದಾಗಿ ಕೈಗವಸು ಕಳಚಿ ಅಮ್ಮನ ಕೈಗೆ ತೊಡಿಸಿದಳು, ಬಲಗೈಗೆ ತುಂಬ ನಿಧಾನವಾಗಿ. ಬಾಟಲಿ ಕೊಟ್ಟಳು. ನಂತರ ಬಕೆಟಿನಿಂದ ಒಂದು ಚೊಂಬು ನೀರು ತುಂಬಿಸಿಕೊಂಡು ಪಕ್ಕದಲ್ಲೇ ನಿಂತಳು.

ಹರಿಣಾಕ್ಷಿಯಕ್ಕ ಅಳತೆಯ ನೀರಿಗೆ ಆಸಿಡ್ ಹೊಯ್ದರು. ಕೈ ಅಲುಗಲಿಲ್ಲ. ಕಲಕಿದರು, ಒಂದೊಂದೇ ಪಾತ್ರೆಗೆ ಹಂಚಿದರು, ಬಾಟಲಿಯ ಮುಚ್ಚಳ ಬಿಗಿದು ಮೇಲಿನ ಹಲಗೆಯಲ್ಲಿಟ್ಟರು. ಅಷ್ಟು ಹೊತ್ತೂ ಮಗಳು ಉಸಿರು ಹಿಡಿದು ಚೊಂಬು ಎತ್ತಿಕೊಂಡೇ ಇದ್ದಳು.

"ಆಯ್ತು ಮಾರಾಯ್ತಿ" ಎಂದು ಅಮ್ಮ ನಕ್ಕರು. "ಇನ್ನು ಆ ನೀರು ಟೀಚರಿಗೆ ಕೊಡು. ಕಾಲು ತೊಳೆದು ಬರ್ಲಿ, ಚಾ ಕುಡಿಯುವ."